ಅಕ್ಕನ ಬಾಯಿಗೆ ರಷ್ಯನ್ ಸಲಾಡ್

ಬೇರೆಯವರ ಮನೆಗಳಲ್ಲಿ ಮದುವೆ, ನಾಮಕರಣ, ಹಬ್ಬ ಹರಿದಿನದಲ್ಲಿ ತಮಾಷೆ ನಡೆಯುತ್ತದೆ. ನಮ್ಮ ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಸಾಕು, ಒಂದರ ಹಿಂದೆ ಒಂದು ಶುರುವಾಗುತ್ತದೆ. ನಾನು ನಗುವ ಪೈಕಿಯವನಲ್ಲ. ನನ್ನ ಮುಖ ನೋಡಿದವರು ‘ಯಾರು ತೀರಿಕೊಂಡರು’ ಅಂತಲೇ ಮಾತು ಎತ್ತುವುದು. ಅಂಥವನ ಕಣ್ಣೆದುರಿಗೇ ಇವೆಲ್ಲ ನಡೆಯಬೇಕೆ? ನಡೆಯುತ್ತವೆ, ಏನು ಮಾಡುವುದು.

ಈ ಸಲ ಹಾಸಿಗೆ ಹಿಡಿದವಳು ನನ್ನ ದೊಡ್ಡಕ್ಕ. ಅವ್ವ ಬೇಗ ಹೋದಳು. ನನ್ನನ್ನು ಎತ್ತಿ ಆಡಿಸಿದವಳು, ಹೊಡೆದು ತಿದ್ದಿದವಳು ಎಲ್ಲ ಈ ಅಕ್ಕನೇ. ಗಂಡ ತೀರಿಕೊಂಡ ಮೇಲೆ ತಾಳಮಲೆಯಿಂದ ಪಣಕಹಳ್ಳಿಗೆ, ನಮ್ಮ ಮನೆಗೇ ಬಂದು ಇದ್ದಾಳೆ. ಬಾಯಲ್ಲಿ ಹೊಗೆಸೊಪ್ಪು ಇಲ್ಲದೆ ಅವಳನ್ನು ನಾನು ಕಂಡಿದ್ದೇ ಕಮ್ಮಿ. ಅದೇ ಬಾಯಲ್ಲಿ ಹುಣ್ಣಾಗಿ, ಹುಣ್ಣು ಗಂಟಾಗಿ, ಘಾಟಿ ಇಳಿದು ದೊಡ್ಡಾಸ್ಪತ್ರೆಗೆ ಅಲೆದು, ಕರೆಂಟು, ಅಂದರೆ ರೇಡಿಯೇಶನ್, ಕೊಡಿಸಿಕೊಂಡು ಬಂದದ್ದಾಯಿತು. ಗಂಟು ಹೋಯಿತು, ಜೊತೆಯಲ್ಲಿ ಊಟವೂ ಹೋಯಿತು. ಖಾರ ತಾಗಿದರೆ ಬೆಂಕಿ, ಬಿಸಿ ತಾಗಿದರೆ ಬೆಂಕಿ. ಸೀರೆ ಉಟ್ಟರೆ ಸೀರೆಯೇ ನಿಂತಂತೆ ಕಾಣುತ್ತಿತ್ತು, ಒಳಗೆ ಅಕ್ಕ ಇದ್ದಾಳೋ ಇಲ್ಲವೋ ಅನ್ನುವ ಹಾಗೆ.

ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದು, “ತಣ್ಣಗಿರೋದು, ಮೆತ್ತಗಿರೋದು, ಎಣ್ಣೆ ಬೆಣ್ಣೆ ಇರೋದು ಕೊಡಿ. ತೂಕ ಹೀಗೇ ಇಳಿದರೆ ಮೂಗಿಗೆ ನಳಿಗೆ ಹಾಕಿ ಅದರಲ್ಲೇ ಗಂಜಿ ಬಿಡಬೇಕಾಗುತ್ತೆ” ಅಂದರು. ಪಕ್ಕಕ್ಕೆ ಕರೆದು ಹೇಳಿದರೂ ಅಕ್ಕನಿಗೆ ಕೇಳಿಸಿತು, ಅವಳ ಕಿವಿಗೆ ಯಾವ ಕಾಯಿಲೆಯೂ ಇರಲಿಲ್ಲ. ಬಸ್ಸು ಘಾಟಿ ಹತ್ತುವಾಗ ಕಿಟಕಿಯಾಚೆ ಕಾಡು ನೋಡುತ್ತಾ, “ಮೂಗ್ಗೆ ನಳಿಗೆ ಆಕ್ಸೋ ಬದ್ಲು ನನ್ನ ಇಲ್ಲೇ ಇಳಿಸ್ಬುಟ್ಟು ಓಗ್ಲಾ. ಆನೆಯಾದ್ರೂ ತುಳ್ಕಂಡು ಓಗ್ಲಿ” ಅಂದಳು. ನಾನು ಅವಳ ಕೈ ಹಿಡಿದುಕೊಂಡೆ. ಹಿಂದಿನ ಸೀಟಿನವನು ಮಾತ್ರ ಎದ್ದು ಕಂಡಕ್ಟರ್ ಹತ್ತಿರ ಹೋಗಿ, “ಇಲ್ಲಿ ಇಳಿಯೋರಿದ್ದಾರಂತೆ, ಹೋಲ್ಡ್ ಆನ್” ಅಂದ.

ಕಡಗೋಲು

ಹಾಸನೂರಿನ ಕಡೆ ಒಂದು ರೆಸಾರ್ಟಿನ ಅಡುಗೆಮನೆಯಲ್ಲಿ ಬಹಳ ವರ್ಷ ದುಡಿದವನು ನಾನು. ಅಕ್ಕನಿಗೋಸ್ಕರ ಬಿಟ್ಟು ಬಂದೆ. ಗಂಜಿ ಬೇಡ, ಮೆತ್ತಗಿನ ಇಡ್ಲಿ ಬೇಡ ಅಂತ ಅಕ್ಕ ಮುಖ ತಿರುಗಿಸಿದ ಮೇಲೆ ನನಗೆ ಅಲ್ಲಿ ದೊಡ್ಡ ಕುಕ್ ಕಲಿಸಿದ್ದ ರಷ್ಯನ್ ಸಲಾಡ್ ನೆನಪಾಯಿತು. ಆಲೂಗಡ್ಡೆ, ಕ್ಯಾರೆಟ್, ಬೀನ್ಸ್, ಬಟಾಣಿ ಬೇಯಿಸಿ, ಆರಿಸಿ, ಸಣ್ಣಗೆ ಹೆಚ್ಚಿ, ಮಯೊನೀಸ್ ಅನ್ನುವ ಬಿಳಿ ಗಟ್ಟಿ ಸಾಸಿನಲ್ಲಿ ಕಲಸುವುದು. ತಣ್ಣಗೆ, ಮೆತ್ತಗೆ, ಎಣ್ಣೆ ಬೇಕಾದಷ್ಟು. ರಷ್ಯಾದವರು ಇದನ್ನು ಹೊಸವರ್ಷದ ಸಂಭ್ರಮಕ್ಕೆ ಮಾಡಿಕೊಳ್ಳುತ್ತಾರಂತೆ. ನಾವು ಕಾಯಿಲೆಗೆ ಮಾಡಿಕೊಂಡೆವು, ನಮ್ಮ ಯೋಗ ಅಷ್ಟೇ.

ತರಕಾರಿಗೆ ತೊಂದರೆ ಇರಲಿಲ್ಲ, ಹೊಲದಲ್ಲೇ ಇತ್ತು. ತೊಂದರೆ ಬಂದದ್ದು ಸಾಸಿಗೆ. ಅದಕ್ಕೆ ಮೊಟ್ಟೆ ಬೇಕು. ನಮ್ಮದು ಲಿಂಗ ಕಟ್ಟುವ ಮನೆ. ನಾನು ಬಾಯಿ ತೆರೆಯುವ ಮುಂಚೆಯೇ ನನ್ನ ಹೆಂಡತಿ, “ಮೊಟ್ಟೆ ಈ ವಸ್ತ್ಲು ದಾಟಿ ಒಳೀಕ್ ಬಂದ್ರೆ ನಾನು ದಾಟಿ ಆಚೀಕ್ ಓಯ್ತೀನಿ” ಅಂದಳು. ಸರಿ, ಮೊಟ್ಟೆ ಬಿಟ್ಟು ಮೊಸರಿಗೆ ಬಂದೆ. ಹುಳಿಯಾಗದ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರು ಬಸಿದು, ಮಿಕ್ಸಿಗೆ ಹಾಕಿ, ಎಣ್ಣೆಯನ್ನು ದಾರದಂತೆ ಬಿಡುತ್ತಾ ಬಂದೆ. ಅರ್ಧ ಆಗಿತ್ತು, ಕರೆಂಟು ಹೋಯಿತು. ನಮ್ಮೂರಲ್ಲಿ ಹೋದ ಕರೆಂಟು ಯಾವಾಗ ಬರುತ್ತದೆ ಅಂತ ಕೇಳುವವನು ನೆಂಟನೇ ಇರಬೇಕು.

ಒಳಗೆ ಅಕ್ಕ ಹಸಿದುಕೊಂಡು ಮಲಗಿದ್ದಳು. ನಾನು ಅಟ್ಟದ ಮೇಲಿಂದ ಕಡಗೋಲು ಇಳಿಸಿ, ಬೆಳಕಿಗೆ ಅಂತ ಜಗಲಿ ಮೇಲೆ ಕೂತು ಕಡೆಯತೊಡಗಿದೆ. ಒಂದು ಕೈಯಲ್ಲಿ ಕಡಗೋಲು, ಇನ್ನೊಂದು ಕೈಯಲ್ಲಿ ಎಣ್ಣೆ ಗಿಂಡಿ. ಬೆವರು ಹಣೆಯಿಂದ ಇಳಿಯುತ್ತಿತ್ತು. ಎದುರುಮನೆಯ ತಾತ ತನ್ನ ಜಗಲಿಯಿಂದ ಇದನ್ನೇ ನೋಡುತ್ತಾ ಕೂತಿದ್ದ. ಆಮೇಲೆ ತಡೆಯಲಾರದೆ ಕೋಲೂರಿಕೊಂಡು ಬಂದ. ಪಾತ್ರೆಯೊಳಗೆ ಬಗ್ಗಿ ನೋಡಿದ, ಗಿಂಡಿ ಮೂಸಿ ನೋಡಿದ, ನನ್ನ ಮುಖ ನೋಡಿದ.

“ಅಲ್ಲ ಕಣ್ಲಾ,” ಅಂದ. “ನಾನೂ ಉಟ್ಟಿದಾಗ್ನಿಂದ ನೋಡ್ತಾವ್ನಿ. ಲೋಕ್ದಲ್ಲಿ ಎಲ್ರೂ ಕಡ್ದು ಬೆಣ್ಣೆ ಆಚೀಕ್ ತಗೀತಾರೆ. ನೀನು ಕಡ್ದು ಕಡ್ದು ಎಣ್ಣೆ ಒಳೀಕ್ ತುಂಬ್ತಾ ಇದ್ದೀಯಲ್ಲ, ಆ ಆಸನೂರ್ನೋರು ಸಂಬ್ಳ ಕೊಟ್ಟು ಕಲ್ಸಿದ್ದು ಇದ್ನೇಯಾ?”

ನುಂಗುವ ವಿದ್ಯೆ

ರೆಸಾರ್ಟಿನ ದೊಡ್ಡ ಕುಕ್ ಹೇಳುತ್ತಿದ್ದ, ಸಲಾಡಿನ ಪ್ರಾಣ ಇರುವುದು ಕತ್ತಿಯಲ್ಲಿ ಅಂತ. ಆಲೂಗಡ್ಡೆಯ ತುಂಡು, ಕ್ಯಾರೆಟ್ಟಿನ ತುಂಡು ಎಲ್ಲವೂ ಬಟಾಣಿ ಗಾತ್ರ ಇರಬೇಕು. ಒಂದು ದೊಡ್ಡದಾದರೆ ಅವನು ಅದನ್ನೇ ಎತ್ತಿ ನಮ್ಮ ಹಣೆಗೆ ಹೊಡೆಯುತ್ತಿದ್ದ. ಆ ಭಯ ಇನ್ನೂ ಹೋಗಿಲ್ಲ. ನಾನು ಹೆಚ್ಚಿದ ತರಕಾರಿಯನ್ನು ಬಿಳಿ ಸಾಸಿನಲ್ಲಿ ಕಲಸಿ, ಬಟ್ಟಲಿಗೆ ಹಾಕಿ, ಚಮಚ ಇಟ್ಟು ಅಕ್ಕನ ಮುಂದೆ ತಂದೆ. ನೋಡುವುದಕ್ಕಾದರೂ ಚೆನ್ನಾಗಿತ್ತು.

ಅಕ್ಕ ಚಮಚ ಪಕ್ಕಕ್ಕಿಟ್ಟಳು. ಕೈಯಿಂದ ತೆಗೆದು, ಉಂಡೆ ಮಾಡಿ, ಮುದ್ದೆ ನುಂಗುವ ಹಾಗೆ ಗುಳುಂ ಅಂತ ನುಂಗಿದಳು. ಗಂಟಲಲ್ಲಿ ತುಂಡುಗಳು ತರಚಿಕೊಂಡು ಹೋದವು ಅಂತ ಕಾಣುತ್ತದೆ, ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ನಾನು ಬೆನ್ನು ನೀವುತ್ತಾ, “ಅಗೀಬೇಕು ಅಕ್ಕ, ಡಾಕ್ಟರಮ್ಮ ಹೇಳಿದ್ರಲ್ಲ” ಅಂದೆ.

“ಅಗಿಯಕ್ಕೆ ನಾನೇನ್ ದನಾನೇನ್ಲಾ? ನನ್ ಜೀವ್ಮಾನದಲ್ಲಿ ಮುದ್ದೆ ಅಗ್ದವ್ಳಲ್ಲ.”

“ಇದು ಮುದ್ದೆ ಅಲ್ಲವಲ್ಲ.”

“ಮುದ್ದೆ ಅಲ್ದೇ ಇರೋದ್ನ ನಂಗ್ಯಾಕ್ ತಂದೆ?”

ರಾಗಿ ಮುದ್ದೆ ಹಲ್ಲಿಗೆ ತಾಗದಂತೆ ನುಂಗುವುದೇ ನಮ್ಮ ಕಡೆಯ ವಿದ್ಯೆ. ಎಳೆತನದಲ್ಲಿ ಕಲಿತದ್ದನ್ನು ಅರವತ್ತು ದಾಟಿದ ಮೇಲೆ ಬಿಡು ಅಂದರೆ ಯಾರು ಬಿಡುತ್ತಾರೆ? ಅಂದಿನಿಂದ ಎಲ್ಲವನ್ನೂ ಕಿವುಚಿ, ನುಣ್ಣಗೆ ಮಾಡಿ, ಎಣ್ಣೆ ಸವರಿದ ಕೈಯಲ್ಲಿ ಗುಂಡಗೆ ಉಂಡೆ ಕಟ್ಟಿ ಇಡತೊಡಗಿದೆ. ರಷ್ಯನ್ ಸಲಾಡ್ ಹೋಗಿ ರಷ್ಯನ್ ಮುದ್ದೆ ಆಯಿತು. ಅದು ಇಳಿಯಿತು.

ಇನ್ನೊಂದು ಸಂಕಟ ಇತ್ತು. ರೆಸಾರ್ಟಿನಲ್ಲಿ ಗಳಿಗೆಗೊಂದು ಸಲ ಚಮಚ ಬಾಯಿಗಿಟ್ಟು ರುಚಿ ನೋಡುತ್ತಿದ್ದವನು ನಾನು. ಮನೆಯಲ್ಲಿ ಪೂಜೆಯಾಗುವ ತನಕ ಯಾವುದನ್ನೂ ನಾಲಿಗೆಗೆ ಇಡುವಂತಿಲ್ಲ, ಹೆಂಡತಿಯ ಕಟ್ಟಪ್ಪಣೆ. ಕಾಯಿಲೆಯವರಿಗೆ ಮಾತ್ರ ನೇಮ ಇಲ್ಲ. ಹಾಗಾಗಿ ಅಕ್ಕನಿಗೆ ಮೊದಲು ಕೊಡುವುದು, ಉಪ್ಪು ಹೇಗಿದೆ ಅಂತ ಅವಳನ್ನೇ ಕೇಳುವುದು. ಮಾಡುತ್ತಿದ್ದದ್ದೂ ಅವಳೊಬ್ಬಳಿಗೆ ಆಗುವಷ್ಟೇ. ಅವಳು ಒಂದಿನ ಜಾಸ್ತಿ ಅನ್ನುವಳು, ಒಂದಿನ ಸಪ್ಪೆ ಅನ್ನುವಳು. ನಾನು ಮಾರನೆ ದಿನ ಅದರಂತೆ ತಿದ್ದುವೆ. ಅವಳ ಬೈಗುಳ ಕೇಳಿದ ದಿನ ನನಗೆ ಸ್ವಲ್ಪ ಧೈರ್ಯ ಬರುತ್ತಿತ್ತು.

ಆದರೆ ಕೈಯಲ್ಲಿ ಕೂತ ಅಭ್ಯಾಸ ನೋಡಿ, ಕಿವುಚುವುದೇ ಆದರೂ ನಾನು ಮೊದಲು ಬಟಾಣಿ ಗಾತ್ರಕ್ಕೆ ಅಚ್ಚುಕಟ್ಟಾಗಿ ಹೆಚ್ಚುತ್ತಿದ್ದೆ. ಅಕ್ಕ ಒಂದಿನ ಗೋಡೆಗೆ ಒರಗಿ ಇದನ್ನೆಲ್ಲ ನೋಡಿ ನನ್ನ ಹೆಂಡತಿಯನ್ನು ಕರೆದಳು.

“ಅಮ್ಮಿ, ಕರೆಂಟು ಕೊಟ್ಟಿದ್ದು ನಂಗೋ ಇವ್ನಿಗೋ? ಒತ್ತಾರೆಯಿಂದ ಅಷ್ಟು ಚಂದ್ವಾಗಿ ಎಚ್ಚಿ ಎಚ್ಚಿ, ಈಗ ಕೂತ್ಕಂಡು ಎಲ್ಲಾನೂ ಕಿವುಚ್ತಾವ್ನೆ.”

ಒಗ್ಗರಣೆ ಇಲ್ಲದ ಮನೆ

ಒಗ್ಗರಣೆಯ ಘಾಟು ಮೂಗಿಗೆ ಬಡಿದರೆ ಅಕ್ಕನಿಗೆ ಬಾಯೆಲ್ಲ ಉರಿ, ಕೆಮ್ಮು. ಆದ್ದರಿಂದ ನಾವು ಮನೆಯಲ್ಲಿ ಒಗ್ಗರಣೆ ಹಾಕುವುದನ್ನೇ ನಿಲ್ಲಿಸಿದೆವು. ನಾನು, ಹೆಂಡತಿ ಇಬ್ಬರೂ ಬೇಯಿಸಿದ ಸಪ್ಪೆಯನ್ನೇ ಉಣ್ಣುತ್ತಿದ್ದೆವು. ಅದರಿಂದ ಏನಾಗುತ್ತದೆ ಅಂತ ನಾನು ಯೋಚಿಸಲಿಲ್ಲ. ನಮ್ಮ ಕಡೆ ಸಾವಿನ ಮನೆಯಲ್ಲಿ ಒಗ್ಗರಣೆ ಹಾಕುವುದಿಲ್ಲ. ಸಾಸಿವೆ ಚಟಪಟ ಅನ್ನದ ಮನೆ ಅಂದರೆ ಬೀದಿಗೆ ಅರ್ಥ ಒಂದೇ.

ಪಕ್ಕದ ಮನೆಯ ಗೌಡತಿ ಗೋಡೆಯಾಚೆಯಿಂದ ಕೆಲವು ದಿನ ಮೂಗು ಅರಳಿಸಿ ನೋಡಿದ್ದಾಳೆ. ಘಾಟಿಲ್ಲ, ಸದ್ದಿಲ್ಲ. ಆಮೇಲೆ ಒಂದು ಬೆಳಿಗ್ಗೆ ನಮ್ಮ ಬಾಗಿಲಿಗೆ ಆಸ್ಪತ್ರೆ ಕಡೆಯ ಜೀಪು ಬಂದು ಔಷಧಿ ಕೊಟ್ಟು ಹೋಯಿತು. ಜಗಲಿ ಮೇಲೆ ನನ್ನ ಮುಖ ಹೇಗೂ ಇತ್ತೇ ಇತ್ತು. ಅವಳಿಗೆ ಇನ್ನೇನು ಬೇಕು? ತಲೆ ಕೆದರಿಕೊಂಡು, ಹೂವಿನ ಹಾರ ಹಿಡಿದು, ಹಿಂದೆ ನಾಕಾರು ಹೆಂಗಸರನ್ನು ಕಟ್ಟಿಕೊಂಡು ಬಂದೇಬಿಟ್ಟಳು. ನಾನು ಹೋ ಹೋ ಅನ್ನುವುದರೊಳಗೆ ಹೊಸಿಲ ಮೇಲೆ ಕುಸಿದು ಕೂತು ಶುರುಮಾಡಿದಳು.

“ಅಯ್ಯೋ ನನ್ನವ್ವಾ, ಓಗ್ಬುಟ್ಯಾ! ಕೈಯೆತ್ತಿ ಕೊಡೋ ತಾಯಿ ಓಗ್ಬುಟ್ಯಾ! ನಿನ್ನಂಗೆ ಸಾರು ಮಾಡೋರು ಈ ಸೀಮೇಲಿ ಇದ್ರಾ! ನನ್ ಮಗ್ಳ ಬಾಣಂತನ ಮಾಡ್ದವ್ಳೇ, ಒಂದ್ ಮಾತು ಯೋಳ್ದೆ ಓಗ್ಬುಟ್ಯಲ್ಲೇ!”

ನಾನು ನಿಜವಾಗಿ ಹೆದರುತ್ತಿದ್ದ ದಿನ ಹಾಗೇ ಬಾಗಿಲಿಗೆ ಬಂದು ಕೂತಂತಾಯಿತು. ನಿಜ ಹೇಳುತ್ತೇನೆ, ಒಂದು ಗಳಿಗೆ ನಾನೇ ಒಳಗೆ ತಿರುಗಿ ನೋಡಿದೆ, ಅಕ್ಕ ಇದ್ದಾಳಾ ಅಂತ.

ಅಕ್ಕ ಗೋಡೆ ಹಿಡಿದುಕೊಂಡು ನಿಧಾನವಾಗಿ ಬಂದು ನಡುಬಾಗಿಲಲ್ಲಿ ನಿಂತಳು. ಗೌಡತಿಯ ಅಳು ಬಾಯಲ್ಲೇ ನಿಂತಿತು. ಹಿಂದಿದ್ದವರಲ್ಲಿ ಒಬ್ಬಳು ಶಿವ ಶಿವಾ ಅಂತ ಚಪ್ಪಲಿ ಬಿಟ್ಟು ಓಡಿದಳು.

ಅಕ್ಕ ಮೆಲ್ಲಗೆ ಕೆಳಗೆ ಕೂತು, ಸೆರಗು ಸರಿಮಾಡಿಕೊಂಡು, “ಯಾಕ್ ನಿಲ್ಲಿಸ್ಬುಟ್ಟೆ?” ಅಂದಳು. “ಬದ್ಕಿರೋಗಂಟ ನನ್ ಸಾರು ನೀರು ಅಂತ ಬೀದೀಲೆಲ್ಲ ಯೋಳ್ಕಂಡು ತಿರುಗ್ದವ್ಳು ನೀನು. ಇವತ್ತು ಬಾಯಿ ಬಂದದೆ. ಅಳು, ಇನ್ನೂ ಏನೇನದೆಯೋ ಎಲ್ಲಾನೂ ಯೋಳ್ಕಂಡು ಅಳು, ನಾನೂ ಕೇಳ್ಕಂಡೇ ಓಯ್ತೀನಿ.”

ಸೆರಗಿನ ರಾಗಿ

ತೂಕ ನೋಡುವ ದಿನ ಬಂತು. ಇಳಿದಿದ್ದರೆ ನಳಿಗೆ. ಹಿಂದಿನ ದಿನದಿಂದಲೂ ನನಗೆ ಅನ್ನ ಸೇರಲಿಲ್ಲ. ಅಕ್ಕ ಮಾತ್ರ ಹೊರಡುವ ಮುಂಚೆ ಉಗ್ರಾಣಕ್ಕೆ ಹೋಗಿ ಬಹಳ ಹೊತ್ತು ಬಾಗಿಲು ಹಾಕಿಕೊಂಡಿದ್ದಳು. ದೇವರಿಗೆ ಹರಕೆ ಕಟ್ಟಿಕೊಳ್ಳುತ್ತಿದ್ದಾಳೆ ಅಂದುಕೊಂಡು ನಾನು ಸುಮ್ಮನಿದ್ದೆ. ಬಸ್ಸಿನಲ್ಲಿ ಸೊಂಟದ ಹತ್ತಿರ ದಪ್ಪಗೆ ಕಂಡಿತು. ಎರಡು ಸೀರೆ ಉಟ್ಟಿದ್ದಾಳೇನೋ, ಚಳಿ ಇರಬೇಕು ಅಂದುಕೊಂಡೆ.

ಆಸ್ಪತ್ರೆಯ ನರ್ಸಮ್ಮ ತಮಿಳಿನವಳು. “ಏರುಂಗ ಪಾಟಿ”, ಹತ್ತಿ ಅಜ್ಜಿ, ಅಂತ ತೂಕದ ಯಂತ್ರ ತೋರಿಸಿದಳು. ಅಕ್ಕ ದೇವರ ಗುಡಿಯ ಮೆಟ್ಟಿಲು ಹತ್ತುವ ಹಾಗೆ ಭಕ್ತಿಯಿಂದ ಹತ್ತಿ ನಿಂತಳು. ಮುಳ್ಳು ಚೆನ್ನಾಗಿಯೇ ಏರಿತು. ನರ್ಸಮ್ಮ ಕಣ್ಣರಳಿಸಿದಳು. ನನಗೆ ಕುಣಿಯುವಷ್ಟು ಸಂತೋಷ, ರಷ್ಯಾದವರಿಗೆಲ್ಲ ಮನಸ್ಸಿನಲ್ಲೇ ಕೈ ಮುಗಿದೆ.

ಅಷ್ಟರಲ್ಲಿ ಯಂತ್ರದ ಸುತ್ತ ಸುರ್ ಸುರ್ ಅಂತ ಸದ್ದು. ನೋಡಿದರೆ ಅಕ್ಕನ ಕಾಲ ಹತ್ತಿರ ರಾಗಿ. ಸೆರಗನ್ನು ಮಡಿಲು ಮಾಡಿ ಸೊಂಟಕ್ಕೆ ಸಿಕ್ಕಿಸಿ, ಅದರ ತುಂಬ ರಾಗಿ ತುಂಬಿಕೊಂಡು ಬಂದಿದ್ದಾಳೆ! ಗಂಟು ಸಡಿಲಿ ಸೋರತೊಡಗಿತ್ತು. ಕಾಳು ಸೋರಿದಂತೆ ಮುಳ್ಳೂ ಇಳಿಯುತ್ತಾ ಬಂತು. ನಾವು ಮೂವರೂ ಬಾಯಿ ಬಿಟ್ಟುಕೊಂಡು ಮುಳ್ಳನ್ನೇ ನೋಡುತ್ತಾ ನಿಂತೆವು, ತಡೆಯುವ ಬುದ್ಧಿ ಒಬ್ಬರಿಗೂ ಬರಲಿಲ್ಲ.

“ಎನ್ನ ಪಾಟಿ ಇದು?” ಅಂದಳು ನರ್ಸಮ್ಮ.

ಅಕ್ಕ ಜಗ್ಗಲಿಲ್ಲ. “ನಾನು ತಿನ್ನೋ ರಾಗಿಯೇ ಕಣವ್ವ. ಒಳ್ಗಿದ್ರೇನು ಒರ್ಗಿದ್ರೇನು, ನಂದೇ ಅಲ್ವಾ?”

ಗದ್ದಲ ಕೇಳಿ ಬಂದ ಡಾಕ್ಟರಮ್ಮ ನಗಲಿಲ್ಲ. ನೆಲದ ಮೇಲಿನ ರಾಗಿ ನೋಡಿದರು, ಅಕ್ಕನ ಮುಖ ನೋಡಿದರು. ನಳಿಗೆಗೆ ಅಕ್ಕ ಎಷ್ಟು ಹೆದರಿದ್ದಾಳೆ ಅನ್ನುವುದು ಅವರಿಗೆ ಆಗ ಅರ್ಥವಾಯಿತು ಅಂತ ಕಾಣುತ್ತದೆ. ನನಗೂ ಆಗಲೇ ಅರ್ಥವಾದದ್ದು. “ಇನ್ನೊಂದು ಅವಕಾಶ ಕೊಡ್ತೀನಿ. ಮುಂದಿನ ಸಲ ತೂಕ ಏರಿರಬೇಕು, ಇಲ್ಲದಿದ್ದರೆ ನಳಿಗೆ” ಅಂದರು. ಬಾಗಿಲ ತನಕ ಹೋಗಿ ಮತ್ತೆ ತಿರುಗಿ ನಿಂತು ನರ್ಸಮ್ಮನಿಗೆ ತಮಿಳಿನಲ್ಲಿ ಏನೋ ಹೇಳಿ ಹೋದರು.

“ಏನಂದ್ರು?” ಅಂತ ಅಕ್ಕ ನನ್ನನ್ನು ಕೇಳಿದಳು.

“ಮುಂದಿನ ಸಲ ಪಾಟಿ ಜೊತೆ ಬಂದವನನ್ನೂ ಬಿಚ್ಚಿ ನೋಡು, ಅವನೂ ಏನಾದ್ರೂ ಕಟ್ಟಿಕೊಂಡು ಬಂದಿರ್ತಾನೆ ಅಂದ್ರು.”

ಸೌತೆಕಾಯಿ

ಮುಂದಿನ ಸಲ ತೂಕ ಏರಿತ್ತು. ಸ್ವಲ್ಪವೇ, ಆದರೆ ರಾಗಿಯಿಲ್ಲದ ತೂಕ. ನಳಿಗೆಯ ಮಾತು ಸದ್ಯಕ್ಕೆ ನಿಂತಿತು. ಆ ಸುದ್ದಿ ತಾಳಮಲೆಗೆ ಮುಟ್ಟಿ, ಅಕ್ಕನ ಮೈದುನ ಅವಳನ್ನು ನೋಡಲು ಬಂದ. ಮಾತು ಕಮ್ಮಿ, ಮರ್ಯಾದೆ ಜಾಸ್ತಿ ಇರುವ ಮನುಷ್ಯ. ಬಡಿಸಿದ್ದರಲ್ಲಿ ಒಂದು ಅಗುಳು ಬಿಡುವವನಲ್ಲ. ಅತ್ತಿಗೆಯನ್ನು ಉಳಿಸಿದ ಊಟ ಯಾವುದು, ತಾನೂ ನೋಡಬೇಕು ಅಂದ.

ನನಗೆ ಹೆಮ್ಮೆಯಾಯಿತು. ಅಂದು ಇಬ್ಬರಿಗೆ ಆಗುವಷ್ಟು ಮಾಡಿದೆ. ತಂಪಾಗಲಿ ಅಂತ ಹೊಲದಿಂದ ಸೌತೆಕಾಯಿ ತಂದು ತುರಿದು ಹಾಕಿದೆ. ಪೂಜೆ ಇನ್ನೂ ಆಗಿರಲಿಲ್ಲ, ಆದ್ದರಿಂದ ನಾನು ಎಂದಿನಂತೆ ಬಾಯಿಗೆ ಇಡಲಿಲ್ಲ. ತನ್ನ ಮನೆಯ ಪೂಜೆ ಮುಗಿಸಿಕೊಂಡೇ ಬಂದಿದ್ದೇನೆ ಅಂತ ಮೈದುನ ಮೊದಲೇ ಹೇಳಿದ್ದ. ಅಕ್ಕನಿಗೆ ಒಂದು ಬಟ್ಟಲು, ಮೈದುನನಿಗೆ ಒಂದು ಬಟ್ಟಲು.

ಅಕ್ಕ ಒಂದೊಂದೇ ಉಂಡೆ ನುಂಗಿ ಬಟ್ಟಲು ಖಾಲಿ ಮಾಡಿದಳು. “ಎಂಗದೆ ಅಕ್ಕ?” ಅಂದೆ. “ಇವತ್ತು ಉಪ್ಪು ಒಂಚೂರು ಕಮ್ಮಿ ಕಣ್ಲಾ. ಮಿಕ್ಕಿದ್ದೆಲ್ಲ ಸರ್ಯಾಗದೆ” ಅಂದಳು.

ಮೈದುನ ತನ್ನ ಉಂಡೆಯನ್ನು ನುಂಗಿದ. ಅವನೂ ಮುದ್ದೆ ನುಂಗುವವನೇ, ಆದ್ದರಿಂದ ಮೊದಲು ಏನೂ ಆಗಲಿಲ್ಲ. ಆಮೇಲೆ ಗಂಟಲಿಂದ ಏನೋ ಹಿಂದಿರುಗಿ ಬಂತು. ಅವನ ಹುಬ್ಬು ಏರಿತು, ಕಣ್ಣು ಸಣ್ಣದಾಯಿತು, ಕೆಳದುಟಿ ತಾನಾಗೇ ನಡುಗಿತು. ಉಗಿಯುವಂತಿಲ್ಲ, ಅತ್ತಿಗೆ ಎದುರಿಗೆ ಕೂತಿದ್ದಾಳೆ. ಚೊಂಬು ಎತ್ತಿ ನೀರೆಲ್ಲ ಕುಡಿದು ಮುಗಿಸಿ, “ರಷ್ಯಾದಲ್ಲಿ ಜನ ಇದ್ನ... ಸುಮ್ನೆ ತಿಂತಾರಾ, ಇಲ್ಲಾ ಜೈಲಲ್ಲಿ ಕೊಡ್ತಾರಾ?” ಅಂದ.

ನನಗೆ ದಿಗಿಲಾಯಿತು. ಪೂಜೆ ಮನೆ ಹಾಳಾಗಲಿ ಅಂತ ಅವನ ಬಟ್ಟಲಿಂದ ಚೂರು ತೆಗೆದು ನಾಲಿಗೆಗೆ ಇಟ್ಟೆ. ಕಹಿ ಅಂದರೆ ಕಹಿ, ನೆತ್ತಿಗೆ ಹೋಗುವ ಕಹಿ. ಹೆಂಡತಿ ಬಂದು ಮೂಸಿ, “ಸೌತೆಕಾಯಿ ತೊಟ್ಟು ಕೊಯ್ದು ಉಜ್ಜಿದ್ರಾ?” ಅಂದಳು. ಇಲ್ಲ. ರೆಸಾರ್ಟಿಗೆ ಬರುತ್ತಿದ್ದದ್ದು ಊರಾಚೆಯ ಉದ್ದನೆ ಸೌತೆ, ಅದನ್ನು ಯಾರೂ ಉಜ್ಜುತ್ತಿರಲಿಲ್ಲ. ನಾಟಿ ಸೌತೆಯನ್ನು ತೊಟ್ಟು ಉಜ್ಜಿ ನೊರೆ ತೆಗೆಯದೆ ಹಾಗೇ ತುರಿದಿದ್ದೆ.

ಆಗ ನಾವು ಮೂವರೂ ಒಟ್ಟಿಗೆ ಅಕ್ಕನ ಖಾಲಿ ಬಟ್ಟಲ ಕಡೆ ನೋಡಿದೆವು. ಅಕ್ಕ ಗೋಡೆಯ ಕಡೆ ನೋಡಿದಳು.

“ಅಕ್ಕ, ನಿಂಗೆ ಕಹಿ ಗೊತ್ತಾಗಲಿಲ್ವಾ?”

ಅಕ್ಕ ಖಾಲಿ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಅಂದಳು, “ಕರೆಂಟು ಕೊಟ್ಟ ಮ್ಯಾಲೆ ನಂಗೆ ಏನೂ ಗೊತ್ತಾಯ್ತಿಲ್ಲ ಕಣಪ್ಪ. ಉಪ್ಪಿಲ್ಲ, ಸಿಹಿಯಿಲ್ಲ. ನೀನು ಏನ್ ಕೊಟ್ರೂ ಒದ್ದೆ ಮಣ್ಣು ನುಂಗ್ದಂಗೆ. ಡಾಕ್ಟ್ರಮ್ಮಂಗೆ ಯೋಳಿವ್ನಿ. ಬತ್ತದೆ ಅಂದವ್ರೆ, ಯಾವಾಗ ಅಂತ ಯೋಳಿಲ್ಲ.”

“ಮತ್ತೆ ದಿನಾ ಉಪ್ಪು ಜಾಸ್ತಿ, ಉಪ್ಪು ಕಮ್ಮಿ ಅಂತಿದ್ದದ್ದು?”

“ಒಂದಿನ ಜಾಸ್ತಿ ಅಂದ್ರೆ ಮಾರ್ನೆ ದಿನ ಕಮ್ಮಿ ಅಂತಿದ್ದೆ. ಸಮ್ವಾಗ್ಲಿ ಅಂತ.”

ನನ್ನ ಹೆಂಡತಿ ಸೆರಗು ಬಾಯಿಗೆ ಇಟ್ಟುಕೊಂಡಳು, ನಗುವುದಕ್ಕೋ ಅಳುವುದಕ್ಕೋ ಗೊತ್ತಾಗಲಿಲ್ಲ. ನನಗಂತೂ ಅಳುವೇ ಬಂತು. ನಾನು ದಿನಾ ಅವಳ ಮಾತು ಹಿಡಿದು ಚಿಟಿಕೆ ಚಿಟಿಕೆ ಲೆಕ್ಕ ಹಾಕಿ ಉಪ್ಪು ತಿದ್ದಿದ್ದೇನು, ಅವಳು ಬಟ್ಟಲು ಬಟ್ಟಲು ಮಣ್ಣು ನುಂಗಿದ್ದೇನು. “ಯಾಕಕ್ಕ ಹೇಳಲಿಲ್ಲ?” ಅಂದೆ.

“ಯೋಳಿದ್ರೆ ನೀನು ಅವತ್ತೇ ಒಲೆ ಆರ್ಸಿ ಮೂಲೇಲಿ ಕೂತ್ಕಂಡು, ಇಗೋ ಇಂಗೇ ಅಳ್ತಿದ್ದೆ. ನೀನು ಒಲೆ ಆರಿಸಿದ್ರೆ ನನ್ ಮೂಗ್ಗೆ ನಳಿಗೆ ಬೀಳ್ತಿತ್ತು. ಅಳ್ಬ್ಯಾಡ, ಏಳು.”

ಮೈದುನ ಇಷ್ಟೂ ಹೊತ್ತು ತಲೆ ತಗ್ಗಿಸಿ ಕೂತಿದ್ದ. ಬಡಿಸಿದ್ದನ್ನು ಬಿಡಬಾರದು, ತಿನ್ನುವುದಕ್ಕೂ ಆಗದು. ಕಡೆಗೆ ಮೆಲ್ಲಗೆ ತನ್ನ ಬಟ್ಟಲನ್ನು ಅಕ್ಕನ ಕಡೆ ತಳ್ಳಿ, ಬಹಳ ವಿನಯದಿಂದ, “ಅಂಗಾದ್ರೆ ಅತ್ಗೆ, ಇದ್ನೂ ನೀವೇ ತಿಂದ್ಬುಡಿ. ನಿಮ್ಗೆ ಎಂಗೂ ಯತ್ವಾಸ ಇಲ್ವಲ್ಲ” ಅಂದ.

ನಾನು ಬೇಡ ಬೇಡ ಅಂತ ಬಟ್ಟಲಿಗೆ ಕೈ ಹಾಕುವಷ್ಟರಲ್ಲಿ ಅಕ್ಕ ಎಳೆದುಕೊಂಡು ಒಂದು ಉಂಡೆ ನುಂಗಿಯೇಬಿಟ್ಟಳು. ನುಂಗಿ, ನನ್ನ ಒದ್ದೆ ಮುಖವನ್ನು ಒಂದು ಸಲ ನೋಡಿ, ಕೈ ಒರೆಸಿಕೊಂಡು ಹೇಳಿದಳು:

“ಇದ್ರಲ್ಲಿ ಉಪ್ಪು ಜಾಸ್ತಿ ಆಗದೆ ಕಣ್ಲಾ.”